ಅವರು ಏನೂ ಅನ್ನುವುದಿಲ್ಲ



ಧಮ್ಮ ಬಂಧುಗಳೇ, ಇಂದಿನ ಚಿಂತನೆಗೆ ಒಂದು ಪ್ರಶ್ನೆ. ಒಬ್ಬರು ತಮ್ಮ ಜಾಗವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟರೆ ಅದು ಯಾವಾಗಲೂ ದಾನವೇ?

ಬಸ್ಸಿನ ಸೀಟು, ರೈಲಿನ ಕೆಳಗಿನ ಬರ್ತು, ಮನೆಯಲ್ಲಿ ಫ್ಯಾನಿನ ಕೆಳಗಿನ ಚಾಪೆ. ಇವನ್ನು ಬಿಟ್ಟುಕೊಟ್ಟವರನ್ನು ನಾವು ಒಳ್ಳೆಯವರು ಎನ್ನುತ್ತೇವೆ. ದಾನವು ಹತ್ತು ಪಾರಮಿಗಳಲ್ಲಿ ಮೊದಲನೆಯದು. ಹಾಗಾಗಿ ಬಿಟ್ಟುಕೊಡುವುದನ್ನು ಹೊಗಳುವುದು ನಮಗೆ ಸುಲಭ. ಆದರೆ ಒಂದು ಮನೆಯಲ್ಲಿ ಪ್ರತಿ ಸಲವೂ ಒಬ್ಬರೇ ಬಿಟ್ಟುಕೊಡುತ್ತಿದ್ದರೆ? ಆಗಲೂ ಅದನ್ನು ದಾನ ಎನ್ನೋಣವೇ, ಅಥವಾ ಅದಕ್ಕೆ ಬೇರೆ ಹೆಸರಿದೆಯೇ?

ಇದನ್ನು ನಾನು ಗಟ್ಟಿಯಾಗಿ ಯೋಚಿಸಿದ್ದು ಒಂದು ಹಡಗಿನ ಪ್ರವಾಸದ ನೆಪದಲ್ಲಿ. ನಗಬೇಡಿ. ಮುಂಬೈ ಬಂದರಿನಿಂದ ಹೊರಟು ಗೋವಾ, ಲಕ್ಷದ್ವೀಪದ ಕಡೆ ಹೋಗಿ ಕೆಲವೇ ದಿನಗಳಲ್ಲಿ ಮರಳುವ ಹಡಗುಗಳು ಈಗ ಇವೆ. ಬಾಬಾಸಾಹೇಬರ ದಯೆಯಿಂದ ಓದಿ ನೌಕರಿ ಹಿಡಿದ ನಮ್ಮ ಮಕ್ಕಳು ತಂದೆ ತಾಯಿಯನ್ನು ಅಂಥ ಹಡಗಿಗೆ ಹತ್ತಿಸುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ಹಡಗು ಹತ್ತುವಾಗ ನಾವು ಮನೆಯ ಅಭ್ಯಾಸಗಳನ್ನು ದಡದಲ್ಲಿ ಬಿಟ್ಟು ಹೋಗುವುದಿಲ್ಲ. ಅವೂ ನಮ್ಮ ಜೊತೆಗೇ ಹತ್ತುತ್ತವೆ.

ಹಡಗಿನ ಕ್ಯಾಬಿನ್‌ಗಳಿಗೆ ಮೆಟ್ಟಿಲುಗಳಿವೆ. ಸಾಮಾನ್ಯವಾಗಿ ಎಲ್ಲಕ್ಕಿಂತ ಅಗ್ಗದ್ದು ಹಡಗಿನ ಒಳಭಾಗದ ಕೋಣೆ. ಅದಕ್ಕೆ ಕಿಟಕಿ ಇಲ್ಲ. ದೀಪ ಆರಿಸಿದರೆ ನಡುಹಗಲಲ್ಲೂ ಕಗ್ಗತ್ತಲೆ. ಅದರ ಮೇಲಿನದು ಕಿಟಕಿ ಇರುವ ಕೋಣೆ. ಅದಕ್ಕೂ ಮೇಲೆ ಬಾಲ್ಕನಿ ಇರುವುದು. ಕಾಸು ಹೆಚ್ಚಿದಷ್ಟೂ ಬೆಳಕು ಹೆಚ್ಚು. ಜಾತಿ ಪದ್ಧತಿ ಎಂದರೆ ಶ್ರೇಣೀಕೃತ ಅಸಮಾನತೆ ಎಂದು ಬಾಬಾಸಾಹೇಬರು ನಮಗೆ ತೋರಿಸಿಕೊಟ್ಟರು. ಅಲ್ಲಿ ಪ್ರತಿಯೊಬ್ಬರಿಗೂ ತನಗಿಂತ ಕೆಳಗೆ ಇನ್ನೊಬ್ಬರು ಸಿಗುತ್ತಾರೆ, ಆದ್ದರಿಂದ ಇಡೀ ಏಣಿಯನ್ನು ಕೆಡವಲು ಯಾರಿಗೂ ಮನಸ್ಸಾಗುವುದಿಲ್ಲ. ಟಿಕೆಟ್ಟಿನ ದರ ಜಾತಿಯಲ್ಲ, ಅದು ನನಗೆ ಗೊತ್ತು. ನಾನು ಹೇಳುತ್ತಿರುವುದು ಬೇರೆ. ಏಣಿ ಎಲ್ಲಿ ಕಂಡರೂ ಯಾರನ್ನು ಯಾವ ಮೆಟ್ಟಿಲ ಮೇಲೆ ನಿಲ್ಲಿಸಬೇಕು ಎಂದು ನಮ್ಮ ಕೈ ತಾನಾಗಿಯೇ ಲೆಕ್ಕ ಹಾಕಿಬಿಡುತ್ತದೆ.

ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಅಪ್ಪ ಅಮ್ಮನ ಮದುವೆಗೆ 50 ವರ್ಷ ತುಂಬಿತು. ಹನ್ನೆರಡು ಮಂದಿ, ಐದು ಕ್ಯಾಬಿನ್. ಖರ್ಚಿನ ದೊಡ್ಡ ಪಾಲು ಅಣ್ಣನದು. ಯಾರಿಗೆ ಯಾವ ಕೋಣೆ ಎಂಬ ಪಟ್ಟಿಯನ್ನು ಮನೆಯವರ ಗ್ರೂಪಿಗೆ ಹಾಕಿದ್ದೂ ಅವನೇ. ಮೊದಲ ಪಟ್ಟಿಯಲ್ಲಿ ನನಗೂ ಚಿಕ್ಕವ್ವನಿಗೂ ಕಿಟಕಿಯ ಕೋಣೆ ಇತ್ತು. ಚಿಕ್ಕವ್ವ ಎಂದರೆ ಅಮ್ಮನ ತಂಗಿ. ಗಂಡ ಬೇಗ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದು ನಮ್ಮ ಮೂವರನ್ನೂ ಎತ್ತಿ ಆಡಿಸಿದವರು. ಶಾಲೆಯ ಬಿಸಿಯೂಟಕ್ಕೆ ಅಡುಗೆ ಮಾಡಿ ಎಷ್ಟೋ ಮಕ್ಕಳಿಗೆ ಬಡಿಸಿದವರು.

ಎರಡನೇ ದಿನ ಪಟ್ಟಿ ಬದಲಾಯಿತು. ತಮ್ಮನ ಮಗು ಚಿಕ್ಕದು, ಅವರಿಗೆ ಕಿಟಕಿ ಇರಲಿ, ಚಿಕ್ಕವ್ವ ಏನೂ ಅನ್ನಲ್ಲ ಎಂದು ಅಣ್ಣ ಬರೆದ. ನಾವಿಬ್ಬರೂ ಒಳಗಿನ ಕೋಣೆಗೆ ಹೋದೆವು. ನಾಲ್ಕನೇ ದಿನ ಮತ್ತೊಂದು ಬದಲಾವಣೆ. ಅತ್ತಿಗೆಯ ಅಪ್ಪ ಅಮ್ಮ ಬಾಲ್ಕನಿಗೆ, ಅಣ್ಣನ ಮಗಳು ನಮ್ಮ ಕೋಣೆಗೆ. ಎರಡು ಮಂಚದ ನಡುವೆ ಇನ್ನೊಂದು ಹಾಸಿಗೆ ಹಾಕಿದರಾಯಿತು, ಚಿಕ್ಕವ್ವ ಏನೂ ಅನ್ನಲ್ಲ. ಮತ್ತೆ ಅದೇ ಮಾತು.

ಅಣ್ಣ ಕೆಟ್ಟವನಲ್ಲ. ಚಿಕ್ಕವ್ವನ ಕಣ್ಣಿನ ಆಪರೇಷನ್ ಮಾಡಿಸಿದವನು ಅವನೇ. ಅದಕ್ಕೇ ಈ ಮಾತನ್ನು ಇಲ್ಲಿ ಹೇಳುತ್ತಿರುವುದು. ಕೆಟ್ಟವರು ಮಾಡುವ ತಪ್ಪನ್ನು ಗುರುತಿಸಲು ಧಮ್ಮ ಚಿಂತನೆ ಬೇಕಾಗಿಲ್ಲ. ಪ್ರೀತಿ ಇರುವ ಮನೆಯಲ್ಲೇ "ಅವರು ಏನೂ ಅನ್ನುವುದಿಲ್ಲ" ಎಂಬ ಮಾತು ಹುಟ್ಟುವುದು. ಆ ಮಾತಿನ ಅರ್ಥವನ್ನು ಬಿಡಿಸಿ ನೋಡಿ. ಅವರಿಗೆ ಬೇಡ ಎಂದು ಅದರ ಅರ್ಥವಲ್ಲ. ಅವರು ಒಪ್ಪಿದ್ದಾರೆ ಎಂದೂ ಅಲ್ಲ. ಅವರು ಬಾಯಿ ಬಿಡುವುದಿಲ್ಲ, ಆದ್ದರಿಂದ ಕೇಳುವ ಅಗತ್ಯವಿಲ್ಲ ಎಂದು ಅದರ ಅರ್ಥ.

"ಪಟ್ಟಿ ಮುಗಿಸುವ ಮೊದಲು ಒಬ್ಬೊಬ್ಬರನ್ನೂ ಕೇಳೋಣ, ಚಿಕ್ಕವ್ವನನ್ನೂ ಸೇರಿಸಿ" ಎಂದು ನಾನು ಗ್ರೂಪಿನಲ್ಲಿ ಬರೆದೆ. ಸಂಜೆ ಚಿಕ್ಕವ್ವನ ಹತ್ತಿರ ಕುಳಿತು ಕೇಳಿದೆ. ಅವರು ತಕ್ಷಣ ಹೇಳಿದ್ದು ಇಷ್ಟು: "ನಂಗ್ಯಾಕವ್ವ ಕಿಟಕಿ? ಮನಿಕಳಕ್ಕೆ ಒಂದು ಮೂಲೆ ಇದ್ರೆ ಸಾಕು."

ಈ ಮೂಲೆಯ ಮಾತು ಅವರ ಬಾಯಿಗೆ ಎಲ್ಲಿಂದ ಬಂತು? ಹುಡುಗಿಯಾಗಿದ್ದಾಗ ಅವರು ಊರಿನ ಜಮೀನ್ದಾರರ ಮನೆಯಲ್ಲಿ ಕೆಲಸಕ್ಕಿದ್ದರು. ಮಳೆಗಾಲದ ರಾತ್ರಿ ಮಲಗಲು ಅವರಿಗೆ ಸಿಗುತ್ತಿದ್ದದ್ದು ಕೊಟ್ಟಿಗೆಯ ಒಂದು ಮೂಲೆ. ಅಲ್ಲಿ ಬೇಕು ಎನ್ನುವಂತಿರಲಿಲ್ಲ, ಬೇಡ ಎನ್ನುವಂತೆಯೂ ಇರಲಿಲ್ಲ. ಆ ಮನೆ ಬಿಟ್ಟು ಎಷ್ಟೋ ಕಾಲವಾಯಿತು. ಆದರೆ ಆ ಮನೆ ಕಲಿಸಿದ ಪಾಠವನ್ನು ಈಗ ನಾವು ತಾಳ್ಮೆ ಎಂದು ಹೊಗಳುತ್ತಿದ್ದೇವೆ, ತ್ಯಾಗ ಎಂದು ಬಳಸಿಕೊಳ್ಳುತ್ತಿದ್ದೇವೆ.

ಇಲ್ಲಿ ಭಗವಾನರ ಕಾಲದ ಒಂದು ಘಟನೆಯನ್ನು ನೆನೆಯಬೇಕು. ವಿನಯ ಪಿಟಕದ ಚುಲ್ಲವಗ್ಗದಲ್ಲಿ ಬರುತ್ತದೆ. ಭಿಕ್ಖು ಸಂಘ ವೈಶಾಲಿಯಿಂದ ಸಾವತ್ಥಿಗೆ ಹೊರಟಿತ್ತು. ಆರು ಮಂದಿ ಭಿಕ್ಖುಗಳ ಒಂದು ಗುಂಪಿನ ಶಿಷ್ಯರು ಮುಂದೆ ಓಡಿಹೋಗಿ, ಇದು ನಮ್ಮ ಗುರುಗಳಿಗೆ, ಇದು ನಮ್ಮ ಆಚಾರ್ಯರಿಗೆ, ಇದು ನಮಗೆ ಎಂದು ಮಲಗುವ ಜಾಗಗಳನ್ನೆಲ್ಲ ಹಿಡಿದುಕೊಂಡರು. ಹಿಂದಿನಿಂದ ಬಂದ ಸಾರಿಪುತ್ತರಿಗೆ ಜಾಗವೇ ಸಿಗಲಿಲ್ಲ. ಅವರು ಒಂದು ಮರದ ಬುಡದಲ್ಲಿ ರಾತ್ರಿ ಕಳೆದರು. ಬೆಳಗಿನ ಜಾವ ಭಗವಾನರು ಎದ್ದು ಕೆಮ್ಮಿದರು. ಮರದ ಕೆಳಗಿನಿಂದ ಸಾರಿಪುತ್ತರೂ ಕೆಮ್ಮಿದರು. ಅಲ್ಲಿ ಯಾರು ಎಂದು ಭಗವಾನರು ಕೇಳಿದಾಗ ವಿಷಯ ತಿಳಿಯಿತು.

ಸಾರಿಪುತ್ತರು ಏನೂ ಅಂದಿರಲಿಲ್ಲ. ಅವರ ತಾಳ್ಮೆಯನ್ನು ಹೊಗಳಿ ಆ ಮಾತನ್ನು ಅಲ್ಲಿಗೇ ಮುಗಿಸಬಹುದಿತ್ತು. ಭಗವಾನರು ಹಾಗೆ ಮಾಡಲಿಲ್ಲ. ಸಂಘವನ್ನು ಸೇರಿಸಿ ಕೇಳಿದರು: ಮೊದಲ ಆಸನ, ಮೊದಲ ನೀರು, ಮೊದಲ ಊಟ ಯಾರಿಗೆ ಸಲ್ಲಬೇಕು? ಕ್ಷತ್ರಿಯ ಕುಲದಿಂದ ಬಂದವರಿಗೆ ಎಂದರು ಕೆಲವರು. ಬ್ರಾಹ್ಮಣ ಕುಲದವರಿಗೆ ಎಂದರು ಕೆಲವರು. ಸುತ್ತಗಳನ್ನು ಬಲ್ಲವರಿಗೆ, ಧ್ಯಾನದಲ್ಲಿ ಮುಂದುವರಿದವರಿಗೆ, ಅರಹಂತರಿಗೆ ಎಂದರು ಇನ್ನು ಕೆಲವರು. ಭಗವಾನರು ಒಂದನ್ನೂ ಒಪ್ಪಲಿಲ್ಲ. ಆಗ ಅವರು ಹೇಳಿದ್ದು ಒಂದು ಗೌಜಿಗಹಕ್ಕಿ, ಒಂದು ಕೋತಿ, ಒಂದು ಆನೆಯ ಕಥೆ. ಮೂವರೂ ಒಂದು ದೊಡ್ಡ ಆಲದ ಮರದ ಬಳಿ ಇದ್ದರು. ನಮ್ಮಲ್ಲಿ ಹಿರಿಯರು ಯಾರು ಎಂದು ಅವರಿಗೆ ಗೊತ್ತಿರಲಿಲ್ಲ. ಮರಿಯಾಗಿದ್ದಾಗ ಈ ಮರ ನನ್ನ ಹೊಟ್ಟೆಗೆ ತಾಗುವಷ್ಟಿತ್ತು ಎಂದಿತು ಆನೆ. ನಾನು ನೆಲದಲ್ಲಿ ಕೂತೇ ಇದರ ಚಿಗುರು ತಿಂದಿದ್ದೆ ಎಂದಿತು ಕೋತಿ. ಬೇರೆ ಆಲದ ಹಣ್ಣು ತಿಂದು ಇಲ್ಲಿ ಬೀಜ ಬೀಳಿಸಿದವನೇ ನಾನು, ಆ ಬೀಜದಿಂದ ಈ ಮರ ಹುಟ್ಟಿತು ಎಂದಿತು ಹಕ್ಕಿ. ಮೈಯಲ್ಲಿ ಎಲ್ಲರಿಗಿಂತ ಚಿಕ್ಕದಾದ ಹಕ್ಕಿಯೇ ಹಿರಿಯನಾಯಿತು. ಸಂಘದಲ್ಲೂ ಮೊದಲು ದೀಕ್ಷೆ ಪಡೆದವರಿಗೆ ಮೊದಲ ಗೌರವ ಎಂಬ ನಿಯಮ ಬಂತು.

ಈ ನಿಯಮದ ಬೆಲೆ ನಮಗೆ ಗೊತ್ತಿರಬೇಕು. ಕ್ಷೌರಿಕ ಉಪಾಲಿ ಶಾಕ್ಯ ರಾಜಕುಮಾರರಿಗಿಂತ ಮೊದಲು ದೀಕ್ಷೆ ಪಡೆದ. ತಮ್ಮ ಕುಲದ ಅಹಂಕಾರ ಮುರಿಯಲಿ ಎಂದು ಆ ರಾಜಕುಮಾರರೇ ಹಾಗೆ ಕೇಳಿಕೊಂಡರು. ಅಂದಿನಿಂದ ಅವರು ಉಪಾಲಿಗೆ ಬಾಗಬೇಕಾಯಿತು.

ಹಿರಿತನವೂ ಒಂದು ಏಣಿಯೇ ಅಲ್ಲವೇ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಭಿಕ್ಖುಣಿಯರ ವಿಷಯದಲ್ಲಿ ಈ ಅಳತೆ ಸಮನಾಗಿ ನಡೆಯಲಿಲ್ಲ ಎಂಬುದನ್ನೂ ನಾವು ಮುಚ್ಚಿಡಬಾರದು. ಆದರೂ ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಎರಡು ಸಂಗತಿ. ಒಂದು, ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು. ಓಡಿಹೋಗಿ ಹಿಡಿದವನದಲ್ಲ ಜಾಗ, ಜೋರು ಬಾಯಿಯವನದೂ ಅಲ್ಲ. ಎರಡು, ನಿಯಮ ಮನುಷ್ಯರ ಕಷ್ಟದ ಮುಂದೆ ಕುರುಡಾಗಿರಲಿಲ್ಲ. ಹಿರಿಯನೇ ಬಂದರೂ ಕಾಯಿಲೆಯವನನ್ನು ಅವನಿರುವ ಜಾಗದಿಂದ ಎಬ್ಬಿಸಬಾರದು ಎಂದು ವಿನಯ ಹೇಳುತ್ತದೆ. ಆ ಆರು ಮಂದಿ ಆಗ ಕಾಯಿಲೆಯ ನೆಪ ಹೇಳಿ ಒಳ್ಳೆಯ ಜಾಗ ಹಿಡಿದರು! ಕಾಯಿಲೆಯವರಿಗೆ ತಕ್ಕ ಜಾಗವನ್ನು ಕೊಡಿ ಎಂದು ಅದಕ್ಕೂ ನಿಯಮ ಬಂತು. ಮೊದಲೇ ಬಂದು ಮಲಗಿದವನ ಜಾಗಕ್ಕೆ ಒತ್ತಿ ಬಂದು, ಇಕ್ಕಟ್ಟಾದರೆ ತಾನೇ ಎದ್ದು ಹೋಗಲಿ ಎಂದು ಅವನನ್ನು ಸರಿಸುವುದು ಪಾಚಿತ್ತಿಯ ನಿಯಮಗಳಲ್ಲಿ 16ನೆಯದರ ಪ್ರಕಾರ ದೋಷ. ಇದನ್ನು ಓದುವಾಗ ಎರಡು ಮಂಚದ ನಡುವಿನ ಇನ್ನೊಂದು ಹಾಸಿಗೆ ನನಗೆ ನೆನಪಾಗುತ್ತದೆ. ಮಲಗುವ ಜಾಗದ ಹಂಚಿಕೆ ಚಿಲ್ಲರೆ ವಿಷಯ ಎಂದು ಭಗವಾನರು ಭಾವಿಸಿರಲಿಲ್ಲ.

ಬಾಬಾಸಾಹೇಬರ ಬದುಕಿನಲ್ಲೂ ಮಲಗುವ ಜಾಗದ ಎರಡು ಸಂಗತಿಗಳಿವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಒಂದು, ಬರೋಡಾದ್ದು. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದವರಿಗೆ ಆ ಊರಿನಲ್ಲಿ ಉಳಿಯಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿ ವಸತಿಗೃಹದಲ್ಲಿ ಉಳಿದರು. ಜಾತಿ ತಿಳಿದ ಮೇಲೆ ದೊಣ್ಣೆ ಹಿಡಿದವರು ಬಂದು ಸಂಜೆಯೊಳಗೆ ಖಾಲಿ ಮಾಡು ಎಂದರು. ಖಾಲಿ ಮಾಡಿದರು. ಆ ಜಾಗವನ್ನು ಅವರು ಬಿಟ್ಟುಕೊಟ್ಟರು ಎಂದು ಯಾರಾದರೂ ಹೇಳಲು ಸಾಧ್ಯವೇ?

ಇನ್ನೊಂದು, ಅದಕ್ಕೂ ಹಿಂದಿನದು, ಮುಂಬೈನ ಪರೇಲಿನ ಡಬಕ್ ಚಾಳಿನದು. ಇಡೀ ಸಂಸಾರಕ್ಕೆ ಒಂದೇ ಕೋಣೆ. ಅಡುಗೆಯೂ ಅಲ್ಲೇ, ಓದೂ ಅಲ್ಲೇ, ನಿದ್ದೆಯೂ ಅಲ್ಲೇ. ತಂದೆ ರಾಮ್‌ಜಿ ಮಗನನ್ನು ಬೇಗ ಮಲಗಿಸಿ ತಾವು ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಾಗಿರುತ್ತಿದ್ದರು. ಆಮೇಲೆ ಮಗನನ್ನು ಓದಲು ಎಬ್ಬಿಸಿ ತಾವು ಮಲಗುತ್ತಿದ್ದರು ಎಂದು ಜೀವನಚರಿತ್ರೆ ಹೇಳುತ್ತದೆ. ಅಪ್ಪ ಮಗನ ನಡುವೆ ಹಾಸಿಗೆಯ ಅದಲುಬದಲು. ಇದು ದಾನ. ಏಕೆಂದರೆ ರಾಮ್‌ಜಿ ಮನೆಯ ಯಜಮಾನ. ನಾನು ಮೊದಲು ಮಲಗುತ್ತೇನೆ ಎಂದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಹಕ್ಕು ಇದ್ದವರು ಹಕ್ಕನ್ನು ಬಿಟ್ಟರು.

ವ್ಯತ್ಯಾಸ ಇರುವುದು ಇಲ್ಲೇ. ಬೇಡ ಎನ್ನುವ ಶಕ್ತಿ ಇದ್ದು ಕೊಟ್ಟರೆ ಅದು ದಾನ. ಬೇಡ ಎನ್ನುವ ದಾರಿಯೇ ಇಲ್ಲದೆ ಕೊಟ್ಟರೆ ಅದು ಕಳೆದುಕೊಂಡದ್ದು. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ಎರಡರಲ್ಲೂ ಒಬ್ಬರು ದಿಂಬು ಎತ್ತಿಕೊಂಡು ಬೇರೆ ಕೋಣೆಗೆ ಹೋಗುತ್ತಾರೆ. ನಮ್ಮವರನ್ನು ತಲೆಮಾರುಗಳಿಂದ ದಿಂಬು ಎತ್ತಿಸಿದ ಸಮಾಜವೂ ನಮ್ಮನ್ನು ವಿನಯವಂತರು, ವಿಧೇಯರು ಎಂದೇ ಹೊಗಳಿತ್ತು. ಅದೇ ಹೊಗಳಿಕೆಯನ್ನು ನಾವು ನಮ್ಮ ಮನೆಯ ವಿಧವೆ ಚಿಕ್ಕಮ್ಮಂದಿರಿಗೆ, ಕಿರಿಯ ಸೊಸೆಯರಿಗೆ, ಸಂಪಾದನೆ ಇಲ್ಲದ ತಮ್ಮಂದಿರಿಗೆ ಕೊಡಬಾರದು.

ಚಿಕ್ಕವ್ವನನ್ನು ನಾನು ಎರಡನೇ ಸಲ ಕೇಳಿದೆ. "ಚಿಕ್ಕವ್ವ, ಯಾರಿಗೂ ಬೇಜಾರಾಗಲ್ಲ ಅಂದುಕೊಂಡು ಹೇಳು. ನಿನಗೆ ಏನು ಬೇಕು?" ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಬೆಳಗಿನ ಜಾವ ಎಚ್ಚರಾಯ್ತದೆ ಕಣವ್ವ. ಕಿಟಕಿ ಇಲ್ದಿದ್ರೆ ಹೊತ್ತು ಹುಟ್ತೋ ಇಲ್ವೋ ಹೆಂಗ್ ಗೊತ್ತಾಗದು?"

ಜೀವಮಾನವೆಲ್ಲ ನಾಲ್ಕು ಗಂಟೆಗೆ ಎದ್ದವರು. ಕಗ್ಗತ್ತಲೆಯ ಕೋಣೆಯಲ್ಲಿ ಬೆಳಗಾಗುವುದನ್ನು ಕಾಯುತ್ತ ಕೂರುವ ಭಯ ಅವರಿಗೆ. ಅದನ್ನು ಗ್ರೂಪಿನಲ್ಲಿ ಹಾಕಿದೆ. ತಮ್ಮನ ಹೆಂಡತಿ ಕೂಡಲೇ ಬರೆದಳು: "ಅಕ್ಕಾ, ಮಗುವಿಗೆ ಕತ್ತಲೆ ಇದ್ರೇನೇ ನಿದ್ದೆ. ಒಳಗಿನ ರೂಮೇ ನಮಗೆ ಒಳ್ಳೇದು. ನನ್ನನ್ನ ಯಾರೂ ಕೇಳಲೇ ಇಲ್ಲ." ನೋಡಿ, ಅವಳಿಗೆ ಬೇಕಾಗಿಲ್ಲದ್ದನ್ನು ಅವಳ ಹೆಸರಿನಲ್ಲಿ ಇನ್ನೊಬ್ಬರಿಂದ ತೆಗೆಯಲಾಗಿತ್ತು. ಕೇಳದೆ ಮಾಡಿದ ಉಪಕಾರ ಸಿಕ್ಕವರಿಗೂ ಸರಿಯಾಗಿ ಸಿಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಸಮುದ್ರವೇ ಕಲಿಸಿತು. ಹಡಗಿನಲ್ಲಿ ಅಲುಗಾಟ ಅತಿ ಕಡಿಮೆ ಇರುವುದು ಕೆಳಗಿನ ಅಂತಸ್ತಿನ ನಡುಭಾಗದಲ್ಲಿ. ಮೇಲೆ ಹೋದಷ್ಟೂ, ಮುಂದಿನ ತುದಿಗೆ ಹೋದಷ್ಟೂ ತೂಗಾಟ ಹೆಚ್ಚು. ಮೂರನೇ ರಾತ್ರಿ ಅಲೆ ಜೋರಾಯಿತು. ಬಾಲ್ಕನಿಯ ಕೋಣೆಯಲ್ಲಿದ್ದ ಅತ್ತಿಗೆಗೆ ತಲೆ ಸುತ್ತು, ವಾಂತಿ. ನಮ್ಮ ಕೋಣೆ ಕೆಳಗೆ, ನಡುವಿನಲ್ಲಿತ್ತು. ಯಾರೂ ಹೇಳುವ ಮೊದಲೇ ಚಿಕ್ಕವ್ವ ಎದ್ದರು. "ನೀನು ಇಲ್ಲಿ ಮನಿಕೊ ಮಗ. ನಾನು ಮ್ಯಾಲೆ ಹುಡುಗಿ ಜೊತೆ ಇರ್ತೀನಿ" ಎಂದು ದಿಂಬು ಎತ್ತಿಕೊಂಡರು. ಅದೇ ದಿಂಬು, ಅದೇ ಚಿಕ್ಕವ್ವ. ಆದರೆ ಈ ಸಲ ಕಿಟಕಿ ಅವರದಾಗಿತ್ತು, ಆದ್ದರಿಂದ ಕೊಟ್ಟದ್ದೂ ಅವರದೇ ಆಯಿತು. ಅತ್ತಿಗೆ ಅವರ ಎರಡೂ ಕೈ ಹಿಡಿದುಕೊಂಡರು. ಮೊದಲ ಪಟ್ಟಿಗಳಲ್ಲಿ ಚಿಕ್ಕವ್ವನನ್ನು ಅತ್ತಿತ್ತ ಸರಿಸಿದಾಗ ಯಾರೂ ಅವರ ಕೈ ಹಿಡಿದಿರಲಿಲ್ಲ. ತಮ್ಮ ಪಾಲಿನದಲ್ಲದ್ದನ್ನು ಒಬ್ಬರು ಕೊಟ್ಟರೆ ಯಾರಿಗೂ ಕೃತಜ್ಞತೆ ಹುಟ್ಟುವುದಿಲ್ಲ.

ಹೀಗೆ ಅದಲುಬದಲು ಮಾಡುವವರಿಗೆ ಒಂದು ವ್ಯವಹಾರದ ಮಾತು. ಹಡಗಿನ ರಿಸೆಪ್ಷನ್‌ಗೆ ತಿಳಿಸದೆ ಕೋಣೆ ಬದಲಾಯಿಸಬೇಡಿ. ಅಪಾಯವಾದರೆ ಯಾರು ಎಲ್ಲಿ ಸೇರಬೇಕು, ಯಾರನ್ನು ಎಲ್ಲಿ ಎಣಿಸಬೇಕು ಎಂಬುದನ್ನು ಸಾಮಾನ್ಯವಾಗಿ ಕ್ಯಾಬಿನ್ ಲೆಕ್ಕದಲ್ಲೇ ಗೊತ್ತುಮಾಡಿರುತ್ತಾರೆ. 2012ರಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅಂದೇ ಹತ್ತಿದ್ದ ಎಷ್ಟೋ ಪ್ರಯಾಣಿಕರಿಗೆ ಎಲ್ಲಿ ಸೇರಬೇಕೆಂಬ ತಾಲೀಮು ಇನ್ನೂ ಆಗಿರಲಿಲ್ಲ. ಅದಾದ ಮೇಲೆ ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ತಾಲೀಮು ನಡೆಯಬೇಕೆಂದು ಅಂತರರಾಷ್ಟ್ರೀಯ ನಿಯಮ ಬಂತು. ಅಣ್ಣ ಆ ರಾತ್ರಿಯೇ ರಿಸೆಪ್ಷನ್‌ಗೆ ಹೋಗಿ ಎರಡು ಹೆಸರು ತಿಳಿಸಿ ಬಂದ. ಬಿಟ್ಟುಕೊಡುವುದು ಬಹಿರಂಗವಾಗಿರಬೇಕು, ಹೆಸರು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ ಇರಬಾರದು.

ಬಂಧುಗಳೇ, ಹಡಗು ಹತ್ತದವರಿಗೂ ಈ ಚಿಂತನೆ ಉಂಟು. ಮದುವೆಯ ಛತ್ರದಲ್ಲಿ ಕೋಣೆ ಹಂಚುವಾಗ, ದೀಕ್ಷಾಭೂಮಿಗೆ ಹೋಗುವ ರೈಲಿನಲ್ಲಿ ಬರ್ತು ಬದಲಾಯಿಸುವಾಗ, ಹಬ್ಬಕ್ಕೆ ನೆಂಟರು ಬಂದಾಗ, ಮೂರು ಮಾತು ಕೇಳಿಕೊಳ್ಳಿ. ಸರಿದುಕೊಳ್ಳುವವರನ್ನು ಕೇಳಿದ್ದೇವೆಯೇ? ಬೇಡ ಎಂದರೆ ನಾವು ಮುಖ ಗಂಟಿಕ್ಕದೆ ಒಪ್ಪುತ್ತೇವೆಯೇ? ಕಳೆದ ಸಲ ಸರಿದುಕೊಂಡವರೂ ಇವರೇ ಅಲ್ಲವೇ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಹಾಸಿಗೆ ಹಾಸೋಣ.

ಸಮತೆಯನ್ನು ನಾವು ಸಂವಿಧಾನದಲ್ಲಿ ಓದುತ್ತೇವೆ, ಭಾಷಣಗಳಲ್ಲಿ ಕೇಳುತ್ತೇವೆ. ಅದು ಮನೆಗೆ ಬಂದಿದೆಯೋ ಇಲ್ಲವೋ ತಿಳಿಯಬೇಕಾದರೆ ರಾತ್ರಿ ಹತ್ತು ಗಂಟೆಗೆ ಯಾರು ಎಲ್ಲಿ ಮಲಗಿದ್ದಾರೆ ಎಂದು ನೋಡಿದರೆ ಸಾಕು. ಇಂದು ನಿಮ್ಮ ಮನೆಯಲ್ಲಿ ಏನೂ ಅನ್ನದವರು ಯಾರು ಎಂದು ಗುರುತಿಸಿ. ಅವರ ಹತ್ತಿರ ಕೂತು ಕೇಳಿ. ಮೊದಲ ಸಲ "ನನಗೇನೂ ಬೇಡ" ಎನ್ನುತ್ತಾರೆ. ಎರಡನೇ ಸಲವೂ ಕೇಳಿ.

ಎಲ್ಲರಿಗೂ ಮಂಗಲವಾಗಲಿ. ಜೈ ಭೀಮ್.